ಭಾರತೀಯ ವಾಯುಪಡೆಯ ಲಿಬರೇಟರ್ ವಿಮಾನಗಳು

ಭಾರತೀಯ ವಾಯುಪಡೆಯ ಲಿಬರೇಟರ್ ವಿಮಾನಗಳು ಎರಡನೆಯ ಮಹಾಯುದ್ಧದ ನಂತರ ಬ್ರಿಟಿಷ್ ವಾಯುಪಡೆಯು ಕಾನ್ಪುರದಲ್ಲಿ ನಿರುಪಯುಕ್ತಗೊಳಿಸಿ ಬಿಟ್ಟುಹೋದ ಬಾಂಬರ್ ವಿಮಾನಗಳು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಪುನರುಜ್ಜೀವನಗೊಂಡ ಇವು 1948ರಿಂದ 1968ರವರೆಗೆ ಭಾರತದ ಸೇವೆಯಲ್ಲಿದ್ದವು. ಇವು ಅಮೆರಿಕದ ಕನ್ಸಾಲಿಡೇಟೆಡ್ ಸಂಸ್ಥೆ ವಿನ್ಯಾಸಗೊಳಿಸಿದ ಬಿ-24 ಲಿಬರೇಟರ್ ಮಾದರಿಗೆ ಸೇರಿದವು. ಈ ಮಾದರಿಯ 18 ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾಗಿದ್ದರೂ ಇಂದು ಇಡಿಯಾಗಿ ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕನಿಷ್ಠ ಆರು ವಿಮಾನಗಳು ಭಾರತೀಯ ವಾಯುಪಡೆಯಲ್ಲಿ ದುಡಿದವು. ಈ ಕಾರಣದಿಂದ ಐತಿಹಾಸಿಕ ವಿಮಾನಗಳನ್ನು ಹುಡುಕಿ, ಅಭ್ಯಸಿಸಿ, ಸಂರಕ್ಷಿಸುವ ಹವ್ಯಾಸಿಗಳ ವಲಯದಲ್ಲಿ ಭಾರತದ ಲಿಬರೇಟರ್‌ಗಳಿಗೆ ವಿಶೇಷ ಸ್ಥಾನವಿದೆ.

ವಿಮಾನಾಸಕ್ತರು ಮತ್ತು ಅಪರೂಪದ ವಿಮಾನಗಳು

ಹಳೆಯ ಮತ್ತು ವಿಲಕ್ಷಣ ವಿಮಾನಗಳ ಬಗೆಗಿನ ಆಸಕ್ತಿ ಕೇವಲ ನೋಡಿ ಬೆರಗಾಗುವುದಕ್ಕೆ ಸೀಮಿತವಾದುದಲ್ಲ. ಗಂಭೀರ ಆಸಕ್ತರಿಗೆ ಒಂದೊಂದು ವಿಮಾನವೂ ಸ್ವಂತ ಚರಿತ್ರೆಯುಳ್ಳ ವ್ಯಕ್ತಿಯಿದ್ದಂತೆ. ಅದು ಯಾವ ಕಾರ್ಖಾನೆಯಲ್ಲಿ ತಯಾರಾಯಿತು, ಯಾವ ತುಕಡಿಯಲ್ಲಿ ಸೇವೆ ಸಲ್ಲಿಸಿತು, ಎಷ್ಟು ಬಾರಿ ಕೈ ಬದಲಾಯಿಸಿತು, ಅದರ ಯಾವ ಭಾಗ ಮೂಲದ್ದು ಮತ್ತು ಯಾವುದು ನಂತರ ಜೋಡಿಸಿದ್ದು ಎಂಬುದನ್ನೆಲ್ಲ ಅವರು ದಾಖಲಿಸುತ್ತಾರೆ. ಊರಿನ ಹಳೆಯ ಮನೆತನದ ವಂಶಾವಳಿಯನ್ನು ಬರೆದಿಡುವವರಿಗೂ ಇವರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಈ ವಂಶಾವಳಿಗೆ ಆಧಾರ ವಿಮಾನದ ಕ್ರಮಸಂಖ್ಯೆ. ಭಾರತದ ಲಿಬರೇಟರ್ ಒಂದಕ್ಕೆ ಸಾಮಾನ್ಯವಾಗಿ ಮೂರು ಸಂಖ್ಯೆಗಳಿರುತ್ತವೆ. ಉದಾಹರಣೆಗೆ, 1944ರಲ್ಲಿ ಅಮೆರಿಕದ ಫೋರ್ಟ್ ವರ್ತ್ ಕಾರ್ಖಾನೆಯಲ್ಲಿ ತಯಾರಾದ ಒಂದು ವಿಮಾನಕ್ಕೆ ಅಮೆರಿಕದ ಸೇನೆ 44-44052 ಎಂಬ ಸಂಖ್ಯೆಯನ್ನು ನೀಡಿತ್ತು. ಬ್ರಿಟಿಷ್ ವಾಯುಪಡೆಗೆ ಹಸ್ತಾಂತರವಾದಾಗ ಅದು ಕೆಎಚ್191 ಆಯಿತು, ಭಾರತಕ್ಕೆ ಬಂದ ಮೇಲೆ ಎಚ್‌ಇ771 ಆಯಿತು. ಮೊದಲ ಸಂಖ್ಯೆಯಲ್ಲಿರುವ 44 ಎಂಬುದು ಆ ವಿಮಾನಕ್ಕೆ ಹಣ ಮಂಜೂರಾದ ಆರ್ಥಿಕ ವರ್ಷವನ್ನು ಸೂಚಿಸುತ್ತದೆ. ಎಚ್‌ಇ ಎಂಬ ಅಕ್ಷರಗಳು ಭಾರತೀಯ ವಾಯುಪಡೆಯ ಲಿಬರೇಟರ್‌ಗಳ ಗುರುತು. ಬಣ್ಣ ಬದಲಾದರೂ, ಹೆಸರು ಬದಲಾದರೂ ಈ ಸಂಖ್ಯೆಗಳ ಸರಪಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ವಿಮಾನದ ಹುಟ್ಟು ತಿಳಿಯುತ್ತದೆ.

ಬಿ-24 ವಿಮಾನದ ವಿನ್ಯಾಸ

ಬಿ-24 ಮೊದಲ ಬಾರಿಗೆ ಹಾರಿದ್ದು 1939ರ ಡಿಸೆಂಬರ್ 29ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 33.5 ಮೀಟರ್ ಅಗಲದ ಈ ವಿಮಾನವನ್ನು ಸುಂದರವೆಂದು ಕರೆದವರು ಕಡಿಮೆ. ಪೆಟ್ಟಿಗೆಯಂಥ ಒಡಲು, ಅದರ ಮೇಲ್ಭಾಗಕ್ಕೆ ಜೋಡಿಸಿದ ನೀಳವಾದ ರೆಕ್ಕೆ, ಬಾಲದ ಎರಡು ತುದಿಗಳಲ್ಲಿ ಅಂಡಾಕಾರದ ಎರಡು ದೊಡ್ಡ ಫಲಕಗಳು ಇದರ ರೂಪ.

ಅದರ ಸಾಮರ್ಥ್ಯದ ಗುಟ್ಟು ರೆಕ್ಕೆಯಲ್ಲಿತ್ತು. ಡೇವಿಡ್ ಡೇವಿಸ್ ಎಂಬ ವಿನ್ಯಾಸಕಾರನ ಹೆಸರಿನಿಂದ ಡೇವಿಸ್ ರೆಕ್ಕೆ ಎಂದು ಕರೆಯಲಾಗುವ ಇದು ಉದ್ದಕ್ಕೆ ಹೋಲಿಸಿದರೆ ಬಹಳ ಕಿರಿದಾದ ಅಗಲವನ್ನು ಹೊಂದಿತ್ತು. ಇಂಥ ರೆಕ್ಕೆಗೆ ಗಾಳಿಯ ಎಳೆತ ಕಡಿಮೆ. ಆದ್ದರಿಂದ ಅಷ್ಟೇ ಇಂಧನದಲ್ಲಿ ಹೆಚ್ಚು ದೂರ ಕ್ರಮಿಸಲು ಸಾಧ್ಯವಾಯಿತು. ಅಟ್ಲಾಂಟಿಕ್ ಸಾಗರದ ನಡುಭಾಗದಲ್ಲಿ ತೀರದಿಂದ ಹೊರಟ ಯಾವ ವಿಮಾನವೂ ತಲುಪಲಾರದಿದ್ದ ಪ್ರದೇಶವಿತ್ತು, ಅಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ನಿರಾತಂಕವಾಗಿ ಮುಳುಗಿಸುತ್ತಿದ್ದವು. 1943ರಲ್ಲಿ ದೂರಗಾಮಿ ಲಿಬರೇಟರ್‌ಗಳು ಅಲ್ಲಿಗೂ ತಲುಪಿದ ಮೇಲೆ ಆ ಸಮುದ್ರಯುದ್ಧದ ಗತಿ ಬದಲಾಯಿತು. ಆದರೆ ಅದೇ ಕಿರಿದಾದ ರೆಕ್ಕೆ ಪೆಟ್ಟು ತಾಳುವುದರಲ್ಲಿ ಹಿಂದೆ. ಗುಂಡೇಟು ಬಿದ್ದಾಗ ಸಮಕಾಲೀನ ಬಿ-17 ವಿಮಾನದಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲವೆಂಬ ದೂರು ಯುದ್ಧಕಾಲದಿಂದಲೂ ಇದೆ.

ಬಾಂಬು ತುಂಬುವ ಅಂಕಣದ ಬಾಗಿಲುಗಳು ಇನ್ನೊಂದು ವೈಶಿಷ್ಟ್ಯ. ಬೇರೆ ಬಾಂಬರ್‌ಗಳಲ್ಲಿ ಬಾಗಿಲುಗಳು ಕೆಳಕ್ಕೆ ತೆರೆದು ಗಾಳಿಗೆ ಅಡ್ಡ ನಿಲ್ಲುತ್ತಿದ್ದವು. ಲಿಬರೇಟರ್‌ನಲ್ಲಿ ಅವು ಅಂಗಡಿಯ ರೋಲಿಂಗ್ ಶಟರ್‌ನಂತೆ ಒಡಲಿನ ಹೊರಮೈಗೆ ಅಂಟಿಕೊಂಡು ಮೇಲಕ್ಕೆ ಸರಿಯುತ್ತಿದ್ದವು. ಒಳಗೆ ಮುಂಭಾಗದಿಂದ ಹಿಂಭಾಗಕ್ಕೆ ಹೋಗಬೇಕಾದರೆ ಒಂದು ಅಡಿಯೂ ಅಗಲವಿಲ್ಲದ ಲೋಹದ ಪಟ್ಟಿಯ ಮೇಲೆ, ಬಾಂಬುಗಳ ನಡುವೆ ನಡೆಯಬೇಕಾಗಿತ್ತು.

ಫೋರ್ಡ್ ಸಂಸ್ಥೆಯು ಮಿಷಿಗನ್ ರಾಜ್ಯದ ವಿಲ್ಲೋ ರನ್ ಎಂಬಲ್ಲಿ ಇದಕ್ಕಾಗಿಯೇ ಬೃಹತ್ ಕಾರ್ಖಾನೆಯನ್ನು ಕಟ್ಟಿತು. ಮೋಟಾರು ಕಾರುಗಳನ್ನು ತಯಾರಿಸುವ ಕ್ರಮದಲ್ಲಿಯೇ ವಿಮಾನಗಳನ್ನು ಜೋಡಿಸಿ, ಉತ್ಪಾದನೆ ಉತ್ತುಂಗದಲ್ಲಿದ್ದಾಗ ಹೆಚ್ಚುಕಡಿಮೆ ಗಂಟೆಗೊಂದು ವಿಮಾನ ಅಲ್ಲಿಂದ ಹೊರಬರುತ್ತಿತ್ತು. ಇಷ್ಟು ವೇಗದಲ್ಲಿ ತಯಾರಾದ ವಿಮಾನಗಳು ಅಷ್ಟೇ ವೇಗದಲ್ಲಿ ಕಣ್ಮರೆಯಾದವು. ಯುದ್ಧ ಮುಗಿದೊಡನೆ ಅರಿಜೋನಾದ ಕಿಂಗ್‌ಮನ್ ಮೊದಲಾದ ಕಡೆ ಸಾವಿರಾರು ಬಾಂಬರ್‌ಗಳನ್ನು ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕರಗಿಸಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಮಾಡಲಾಯಿತು. ಬಿ-17 ವಿಮಾನಗಳಲ್ಲಿ ಕೆಲವಕ್ಕೆ ಕಾಡ್ಗಿಚ್ಚು ಆರಿಸುವಂಥ ನಾಗರಿಕ ಕೆಲಸಗಳು ದೊರೆತು ಅವು ಉಳಿದುಕೊಂಡವು. ಲಿಬರೇಟರ್‌ಗಳಿಗೆ ಆ ಭಾಗ್ಯ ಬಹುಮಟ್ಟಿಗೆ ಇರಲಿಲ್ಲ.

ಕಾನ್ಪುರದಲ್ಲಿ ಬಿಟ್ಟುಹೋದ ವಿಮಾನಗಳು

ಬರ್ಮಾ ಮತ್ತು ಆಗ್ನೇಯ ಏಷ್ಯಾದಲ್ಲಿ ಜಪಾನಿನ ವಿರುದ್ಧ ಹೋರಾಡಲು ಬ್ರಿಟಿಷ್ ವಾಯುಪಡೆಯು ಭಾರತದ ನೆಲೆಗಳಿಂದ ಲಿಬರೇಟರ್‌ಗಳನ್ನು ಬಳಸುತ್ತಿತ್ತು. ಇವು ಬ್ರಿಟನ್ನಿನ ಸ್ವಂತ ವಿಮಾನಗಳಾಗಿರಲಿಲ್ಲ. ಅಮೆರಿಕವು 1941ರ ಲೆಂಡ್-ಲೀಸ್ ಕಾಯ್ದೆಯ ಅಡಿಯಲ್ಲಿ ಎರವಲು ನೀಡಿದ್ದವು. ಯುದ್ಧಾನಂತರ ಉಳಿದ ಸಾಮಗ್ರಿಯನ್ನು ಹಿಂದಿರುಗಿಸಬೇಕಿತ್ತು, ಇಲ್ಲವೆ ಅದರ ಬೆಲೆ ತೆರಬೇಕಿತ್ತು, ಇಲ್ಲವೆ ಅದನ್ನು ನಾಶಪಡಿಸಬೇಕಿತ್ತು. ಅಮೆರಿಕಕ್ಕೆ ಹಳೆಯ ಬಾಂಬರ್‌ಗಳು ಬೇಕಿರಲಿಲ್ಲ, ಬ್ರಿಟನ್ನಿನ ಬಳಿ ಹಣವಿರಲಿಲ್ಲ. ಉಳಿದದ್ದು ಮೂರನೆಯ ದಾರಿ.

ಕಾನ್ಪುರದ ಚಕೇರಿ ವಿಮಾನ ನೆಲೆಯಲ್ಲಿ ಸೇರಿಸಿದ್ದ ಲಿಬರೇಟರ್‌ಗಳನ್ನು ಮುಂದೆ ಯಾರೂ ಹಾರಿಸದಂತೆ ಕೆಡಿಸಲಾಯಿತು. ಎಂಜಿನ್‌ಗಳಿಗೆ ಮರಳು ಸುರಿದು, ಚಾಲಕರ ಕೋಣೆಯ ಉಪಕರಣಗಳನ್ನು ಒಡೆದು, ಹೊರಮೈಯ ತಗಡನ್ನು ಸೀಳಿ ಹಾಕಿದ ಬಗ್ಗೆ ವಿವರಗಳಿವೆ. ಬಳಿಕ ಅವು ಮಳೆ ಬಿಸಿಲಿನಲ್ಲಿ ನಿಂತುಬಿಟ್ಟವು.

1947ರಲ್ಲಿ ದೇಶ ವಿಭಜನೆಯಾಗಿ ಕಾಶ್ಮೀರದಲ್ಲಿ ಯುದ್ಧ ಆರಂಭವಾದಾಗ ಭಾರತೀಯ ವಾಯುಪಡೆಯ ಬಳಿ ಒಂದೂ ಭಾರಿ ಬಾಂಬರ್ ಇರಲಿಲ್ಲ. ಹೊಸದನ್ನು ಕೊಳ್ಳುವುದು ಆಗಿನ ಸ್ಥಿತಿಯಲ್ಲಿ ಸುಲಭವಾಗಿರಲಿಲ್ಲ. ಹಾಗಾಗಿ ಕಾನ್ಪುರದಲ್ಲಿ ಗುಜರಿಯಂತೆ ಬಿದ್ದಿದ್ದ ವಿಮಾನಗಳ ಕಡೆಗೆ ಗಮನ ಹರಿಯಿತು.

ಬೆಂಗಳೂರಿನಲ್ಲಿ ಪುನರುಜ್ಜೀವನ

ಈ ಕೆಲಸವನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ವಹಿಸಲಾಯಿತು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಂದಿಗೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಕೆಡಿಸಿದ ಬಾಂಬರ್‌ಗಳನ್ನು ಎಂಟು ವರ್ಷದ ಪ್ರಾಯದ ಕಾರ್ಖಾನೆಯೊಂದು ಮತ್ತೆ ಹಾರಿಸಿತೆಂಬುದನ್ನು ಪವಾಡವೆಂದು ವರ್ಣಿಸುವುದು ವಾಡಿಕೆ. ಆದರೆ ಅದಕ್ಕೆ ಸ್ಪಷ್ಟವಾದ ಹಿನ್ನೆಲೆಯಿತ್ತು.

1943ರಿಂದ ಯುದ್ಧ ಮುಗಿಯುವವರೆಗೆ ಈ ಕಾರ್ಖಾನೆ ಅಮೆರಿಕದ ಸೇನಾ ವಾಯುದಳದ ಆಡಳಿತದಲ್ಲಿದ್ದು, ಅಮೆರಿಕದ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಸಮುದ್ರ ಕಾವಲಿನ ಕ್ಯಾಟಲಿನಾ ವಿಮಾನಗಳು ನೀರಿನ ಮೇಲೆ ಇಳಿಯುವಂಥವು. ಅವು ಬೆಳ್ಳಂದೂರು ಕೆರೆಯಲ್ಲಿ ಇಳಿದು ದುರಸ್ತಿಗೆ ಬರುತ್ತಿದ್ದವು. ಇಂದು ನೊರೆಗೂ ಬೆಂಕಿಗೂ ಹೆಸರಾಗಿರುವ ಅದೇ ಕೆರೆ ಎಂಬುದನ್ನು ಬೆಂಗಳೂರಿನ ಈಗಿನ ತಲೆಮಾರು ನಂಬುವುದು ಕಷ್ಟ. ಈ ಕ್ಯಾಟಲಿನಾ ಕೂಡ ಕನ್ಸಾಲಿಡೇಟೆಡ್ ಸಂಸ್ಥೆಯದೇ ವಿಮಾನ. ಅದಕ್ಕೂ ಡಕೋಟಾ ಸಾರಿಗೆ ವಿಮಾನಕ್ಕೂ ಲಿಬರೇಟರ್‌ಗೂ ಬಳಸುತ್ತಿದ್ದ ಎಂಜಿನ್ ಒಂದೇ ವಂಶದ್ದು, ಅಂದರೆ ಪ್ರಾಟ್ ಅಂಡ್ ವಿಟ್ನಿ ಸಂಸ್ಥೆಯ ಹದಿನಾಲ್ಕು ಸಿಲಿಂಡರುಗಳ ಟ್ವಿನ್ ವಾಸ್ಪ್. ಹೀಗಾಗಿ ಬೆಂಗಳೂರಿನ ಕೆಲಸಗಾರರಿಗೆ ಲಿಬರೇಟರ್ ಹೊಸದಾಗಿದ್ದರೂ ಅದರ ಹೃದಯಭಾಗ ಅಪರಿಚಿತವಾಗಿರಲಿಲ್ಲ.

ನಿಜವಾದ ಸಾಹಸ ನಡೆದದ್ದು ಕಾನ್ಪುರದಲ್ಲಿ. ದೊಡ್ಡ ದುರಸ್ತಿಗೆ ಬೇಕಾದ ಸೌಕರ್ಯಗಳೆಲ್ಲ ಬೆಂಗಳೂರಿನಲ್ಲಿದ್ದವು, ವಿಮಾನಗಳು ಸುಮಾರು 1,500 ಕಿಲೋಮೀಟರ್ ದೂರದಲ್ಲಿದ್ದವು. ಆದುದರಿಂದ ಒಂದು ವಿಮಾನದ ಭಾಗವನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಿ, ಒಂದೇ ಒಂದು ಪಯಣಕ್ಕೆ ಸಾಕಾಗುವಷ್ಟು ಮಟ್ಟಿಗೆ ಅಲ್ಲಿಯೇ ಸರಿಪಡಿಸಿ, ಹಾರಿಸಿಕೊಂಡು ಬರುವುದೆಂದು ತೀರ್ಮಾನವಾಯಿತು. ಆ ಹಾರಾಟದ ಹೊಣೆಯನ್ನು ಹೊತ್ತವರು ಕಾರ್ಖಾನೆಯ ಪರೀಕ್ಷಾ ವಿಮಾನಚಾಲಕ ಜಮ್‌ಶೆಡ್ ಕೈಕೊಬಾದ್ ಮುನ್ಷಿ. ಜಿಮ್ಮಿ ಮುನ್ಷಿ ಎಂದು ಪರಿಚಿತರಾಗಿದ್ದ ಅವರು ಸುಮಾರು 40 ಲಿಬರೇಟರ್‌ಗಳನ್ನು ಒಂದೊಂದಾಗಿ ಬೆಂಗಳೂರಿಗೆ ತಂದರು. ಎಂಜಿನ್‌ನಲ್ಲಿ ಮರಳಿನ ಕಣವೊಂದು ಉಳಿದಿದ್ದರೂ, ತಗಡಿನ ತೇಪೆಯೊಂದು ಸಡಿಲವಾಗಿದ್ದರೂ ಅದು ತಿಳಿಯುತ್ತಿದ್ದುದು ಆಕಾಶದಲ್ಲಿ. ಭಾರತೀಯ ವಾಯುಯಾನದ ಚರಿತ್ರೆಯಲ್ಲಿ ಮುನ್ಷಿಯವರಿಗೆ ದೊರೆತಿರುವ ಸ್ಥಳ ಅವರ ಕೆಲಸಕ್ಕೆ ಹೋಲಿಸಿದರೆ ತೀರ ಕಡಿಮೆಯೆಂದೇ ಹೇಳಬೇಕು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನವನ್ನು 1951ರಲ್ಲಿ ಮೊದಲ ಬಾರಿ ಹಾರಿಸಿದವರೂ ಅವರೇ.

ವಾಯುಪಡೆಯ ಸೇವೆಯಲ್ಲಿ

ಬೆಂಗಳೂರಿನಲ್ಲಿ ಸಂಪೂರ್ಣ ದುರಸ್ತಿಯಾದ ಮೊದಲ ಕೆಲವು ವಿಮಾನಗಳೊಂದಿಗೆ 1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಸ್ಥಾಪನೆಯಾಯಿತು. ಅದರ ನೆಲೆ ಕಾನ್ಪುರ. ಮೂರೇ ವರ್ಷಗಳ ಹಿಂದೆ ಕೆಡವಲ್ಪಟ್ಟ ನೆಲಕ್ಕೇ ವಿಮಾನಗಳು ಹಿಂದಿರುಗಿದ್ದವು. ಸ್ವತಂತ್ರ ಭಾರತದ ಮೊದಲ ಭಾರಿ ಬಾಂಬರ್ ತುಕಡಿ ಇದು. 1957ರಲ್ಲಿ ಈ ಸ್ಕ್ವಾಡ್ರನ್ ಬ್ರಿಟನ್ನಿನ ಕ್ಯಾನ್‌ಬೆರಾ ಜೆಟ್ ಬಾಂಬರ್‌ಗಳಿಗೆ ಬದಲಾಯಿತು.

6ನೇ ಸ್ಕ್ವಾಡ್ರನ್ 1951ರಲ್ಲಿ ಪುಣೆಯಲ್ಲಿ ಲಿಬರೇಟರ್‌ಗಳನ್ನು ಪಡೆದು ಸಮುದ್ರ ಕಾವಲಿನ ಕೆಲಸಕ್ಕೆ ತೊಡಗಿತು. ದೂರದವರೆಗೆ ಹಾರಬಲ್ಲ, ಗಂಟೆಗಟ್ಟಲೆ ಆಕಾಶದಲ್ಲಿ ಉಳಿಯಬಲ್ಲ ವಿಮಾನಕ್ಕೆ ತಕ್ಕ ಕೆಲಸವದು. 1960ರ ದಶಕದಲ್ಲಿ ಏರ್ ಇಂಡಿಯಾದಿಂದ ಬಂದ ಸೂಪರ್ ಕಾನ್‌ಸ್ಟೆಲೇಷನ್ ವಿಮಾನಗಳು ಜೊತೆಗೂಡಿದರೂ ಲಿಬರೇಟರ್‌ಗಳು 1968ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿ ಮುಂದುವರಿದವು. ಪ್ರಪಂಚದ ಯಾವುದೇ ಸೇನೆಯಲ್ಲಿ ಲಿಬರೇಟರ್ ಇಷ್ಟು ತಡವಾಗಿ ಬಳಕೆಯಲ್ಲಿದ್ದ ನಿದರ್ಶನವಿಲ್ಲ. ಅಮೆರಿಕ ಚಂದ್ರನ ಸುತ್ತ ಮನುಷ್ಯರನ್ನು ಕಳುಹಿಸಿದ ವಾರದಲ್ಲಿ ಭಾರತ ತನ್ನ ಕೊನೆಯ ಲಿಬರೇಟರ್‌ಗಳನ್ನು ನಿವೃತ್ತಿಗೊಳಿಸಿತು.

ವಿದೇಶಗಳಿಗೆ ಪಯಣ

ಅಷ್ಟರಲ್ಲಿ ಪಶ್ಚಿಮದ ದೇಶಗಳಲ್ಲಿ ವಿಮಾನ ವಸ್ತುಸಂಗ್ರಹಾಲಯಗಳು ಬೆಳೆಯತೊಡಗಿದ್ದವು. ತಾವೇ ಕರಗಿಸಿ ಹಾಕಿದ ವಿಮಾನವನ್ನು ಅವು ಹುಡುಕುತ್ತಿದ್ದವು. ಒಳ್ಳೆಯ ಸ್ಥಿತಿಯಲ್ಲಿದ್ದ, ಹಾರಬಲ್ಲ ಲಿಬರೇಟರ್‌ಗಳು ಭಾರತದಲ್ಲಿದ್ದವು.

ಕೆನಡಾ 1968ರಲ್ಲಿ ಎಚ್‌ಇ773 ವಿಮಾನವನ್ನು ಪಡೆಯಿತು. ಕೆನಡಾದ ವಾಯುಪಡೆಯ ಸಿಬ್ಬಂದಿಯೇ ಬಂದು ಅದನ್ನು ಹಾರಿಸಿಕೊಂಡು ಹೋದರು. ಅದಕ್ಕೆ ಬದಲಾಗಿ ಕೆನಡಾ ಕೊಟ್ಟದ್ದು ವೆಸ್ಟ್‌ಲ್ಯಾಂಡ್ ಲೈಸ್ಯಾಂಡರ್ ಎಂಬ ಪುಟ್ಟ ವಿಮಾನ. ಭಾರತೀಯ ವಾಯುಪಡೆಯ ಆರಂಭದ ಸ್ಕ್ವಾಡ್ರನ್‌ಗಳು ಬರ್ಮಾದಲ್ಲಿ ಬಳಸಿದ ಮಾದರಿಯಾದ್ದರಿಂದ ಅದಕ್ಕೆ ಇಲ್ಲಿ ಮಹತ್ತ್ವವಿತ್ತು. ದೆಹಲಿಯ ಪಾಲಂ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಇಂದು ಕಾಣುವ ಲೈಸ್ಯಾಂಡರ್ ಅದೇ. ಲಿಬರೇಟರ್ ಒಟ್ಟಾವಾದ ಸಂಗ್ರಹಾಲಯದಲ್ಲಿದೆ.

1969ರಲ್ಲಿ ಇನ್ನೊಂದು ವಿಮಾನವು ಭಾರತದಿಂದ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದವರೆಗೆ ಹಾರಿ, ಈಗ ಅಲ್ಲಿನ ಪಿಮಾ ಸಂಗ್ರಹಾಲಯವನ್ನು ಸೇರಿದೆ. ಸಾವಿರಾರು ಬಾಂಬರ್‌ಗಳು ಕರಗಿಹೋದ ಕಿಂಗ್‌ಮನ್ ಕೂಡ ಅದೇ ರಾಜ್ಯದಲ್ಲಿದೆ. 1974ರಲ್ಲಿ ಭಾರತವು ಕೆಎನ್751 ಸಂಖ್ಯೆಯ ವಿಮಾನವನ್ನು ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಕೊಡುಗೆಯಾಗಿ ನೀಡಿತು. 1945ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಲ್ಲಿ ಬ್ರಿಟನ್ನಿನ 99ನೇ ಸ್ಕ್ವಾಡ್ರನ್‌ನಲ್ಲಿದ್ದ ವಿಮಾನವದು. ಕಾನ್ಪುರದಲ್ಲಿ ತೊರೆದುಹೋದದ್ದನ್ನು ಮೂರು ದಶಕಗಳ ನಂತರ ಬ್ರಿಟನ್ ಉಡುಗೊರೆಯಾಗಿ ಸ್ವೀಕರಿಸಿತು. ಫ್ಲಾರಿಡಾದ ಸಂಗ್ರಾಹಕ ಕರ್ಮಿಟ್ ವೀಕ್ಸ್ ಅವರ ಸಂಗ್ರಹಕ್ಕೆ ಸೇರಿದ ವಿಮಾನವೂ ಭಾರತದಿಂದ ಹೋದದ್ದೇ.

ಮೇಲೆ ಸಂಖ್ಯೆಗಳ ಉದಾಹರಣೆಯಾಗಿ ಹೇಳಿದ ಎಚ್‌ಇ771 ಇವೆಲ್ಲಕ್ಕಿಂತ ದೀರ್ಘಕಾಲ ಅನಾಥವಾಗಿ ನಿಂತಿತ್ತು. ಬ್ರಿಟನ್ನಿನ ಸಂಗ್ರಾಹಕ ಡಗ್ ಆರ್ನಲ್ಡ್ ಅದನ್ನು 1980ರ ದಶಕದ ಆರಂಭದಲ್ಲಿ ಕೊಂಡು, ಭಾಗಗಳಾಗಿ ಬಿಚ್ಚಿ, ಸರಕು ವಿಮಾನದಲ್ಲಿ ಇಂಗ್ಲೆಂಡಿಗೆ ಸಾಗಿಸಿದರು. 1984ರಲ್ಲಿ ಅದು ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈಸೇರಿತು. ಐದು ವರ್ಷಗಳ ಪುನರ್ನಿರ್ಮಾಣದ ಬಳಿಕ 1989ರಲ್ಲಿ ಮತ್ತೆ ಆಕಾಶಕ್ಕೇರಿ, ಹಲವು ವರ್ಷ ಅಮೆರಿಕದ ಊರೂರು ಸುತ್ತಿತು. ಆ ಅವಧಿಯಲ್ಲಿ ಹಾರುತ್ತಿದ್ದ ಲಿಬರೇಟರ್‌ಗಳು ಜಗತ್ತಿನಲ್ಲಿ ಎರಡೇ. ಮತ್ತೊಂದು ಡೈಮಂಡ್ ಲಿಲ್ ಎಂಬ ಹೆಸರಿನ ಆರಂಭಿಕ ಮಾದರಿ, ಅದಕ್ಕೂ ಭಾರತಕ್ಕೂ ಸಂಬಂಧವಿಲ್ಲ.

ಸಂರಕ್ಷಣೆಯ ವಿವಾದಗಳು

ಪುನರ್ನಿರ್ಮಿತ ವಿಮಾನಗಳ ಮೇಲಿನ ಬಣ್ಣ ಮತ್ತು ಹೆಸರು ಆಸಕ್ತರ ನಡುವೆ ಮುಗಿಯದ ಚರ್ಚೆಯ ವಿಷಯ. ಎಚ್‌ಇ771 ಮೊದಲು ಆಲ್ ಅಮೆರಿಕನ್ ಎಂಬ ಹೆಸರನ್ನೂ, ಅನಂತರ ಡ್ರಾಗನ್ನಿನ ಬೃಹತ್ ಚಿತ್ರವನ್ನೂ, ಕೊನೆಗೆ ವಿಚ್‌ಕ್ರಾಫ್ಟ್ ಎಂಬ ಹೆಸರನ್ನೂ ಹೊತ್ತಿತು. ಮೂಲ ವಿಚ್‌ಕ್ರಾಫ್ಟ್ ಯುರೋಪಿನಲ್ಲಿ 130 ಕಾರ್ಯಾಚರಣೆಗಳನ್ನು ಪೂರೈಸಿದ ಬೇರೊಂದು ಲಿಬರೇಟರ್. ಪಿಮಾದ ವಿಮಾನವೂ ಇಂಗ್ಲೆಂಡಿನಲ್ಲಿದ್ದ ಅಮೆರಿಕದ ವಿಮಾನವೊಂದರ ವೇಷದಲ್ಲಿದೆ. ಕೆನಡಾದ್ದು ಕೆನಡಾದ ಬಣ್ಣದಲ್ಲಿ, ಬ್ರಿಟನ್ನಿನದು ಬ್ರಿಟನ್ನಿನ ಬಣ್ಣದಲ್ಲಿದೆ.

ಹಣ ಕೊಟ್ಟು ಉಳಿಸಿದವರು ತಮ್ಮ ಯೋಧರ ನೆನಪಿಗೆ ಅದನ್ನು ಮೀಸಲಿಡುವುದು ಸಹಜವೇ. ಆದರೆ ಯುದ್ಧದಲ್ಲಿ ಒಂದೆರಡು ವರ್ಷ ಹಾರಿದ ಈ ವಿಮಾನಗಳು ಭಾರತದಲ್ಲಿ ದುಡಿದದ್ದು ಇಪ್ಪತ್ತು ವರ್ಷಗಳವರೆಗೆ. ಕೇಸರಿ, ಬಿಳಿ, ಹಸಿರು ವೃತ್ತದ ಗುರುತು ಅಳಿದಾಗ ಕಾನ್ಪುರದ ಹಾಗೂ ಬೆಂಗಳೂರಿನ ಅಧ್ಯಾಯವೂ ನೋಡುಗರ ಕಣ್ಣಿನಿಂದ ಮರೆಯಾಗುತ್ತದೆ. ಆ ಗುರುತನ್ನು ಉಳಿಸಿಕೊಂಡಿರುವ ಲಿಬರೇಟರ್ ಪಾಲಂನ ಎಚ್‌ಇ924.

ಎರಡನೆಯ ವಿವಾದ ಇನ್ನೂ ತೀವ್ರವಾದುದು. ಐತಿಹಾಸಿಕ ವಿಮಾನವನ್ನು ಹಾರಿಸಬೇಕೆ, ಇಲ್ಲವೆ ಸೂರಿನಡಿ ನಿಲ್ಲಿಸಬೇಕೆ? ಹಾರಿಸುವುದಕ್ಕಾಗಿ ಸವೆದ ಮೂಲ ಭಾಗಗಳನ್ನು ಬದಲಿಸುತ್ತ ಹೋದರೆ ಕೊನೆಗೆ ಮೂಲವೆಂದು ಉಳಿಯುವುದು ಕೇವಲ ಸಂಖ್ಯೆಯ ಫಲಕ. ಹಾರಿಸದಿದ್ದರೆ ನಾಲ್ಕು ಎಂಜಿನ್‌ಗಳ ಸದ್ದು, ಎಣ್ಣೆಯ ಹೊಗೆ, ರೆಕ್ಕೆಯ ಬಾಗು ಯಾವುದೂ ಮುಂದಿನವರಿಗೆ ತಿಳಿಯದು. 2019ರ ಅಕ್ಟೋಬರ್ 2ರಂದು ಕಾಲಿಂಗ್ಸ್ ಪ್ರತಿಷ್ಠಾನದ ಬಿ-17 ವಿಮಾನವು ಕನೆಕ್ಟಿಕಟ್ ರಾಜ್ಯದ ಬ್ರಾಡ್ಲಿ ವಿಮಾನ ನಿಲ್ದಾಣದಲ್ಲಿ ಅಪಘಾತಕ್ಕೀಡಾಗಿ ಏಳು ಜನ ಮೃತಪಟ್ಟರು. ಮುಂದಿನ ವರ್ಷ ಅಮೆರಿಕದ ವಿಮಾನಯಾನ ಪ್ರಾಧಿಕಾರವು ಪ್ರಯಾಣಿಕರನ್ನು ಕರೆದೊಯ್ಯಲು ಪ್ರತಿಷ್ಠಾನಕ್ಕಿದ್ದ ಅನುಮತಿಯನ್ನು ಹಿಂತೆಗೆದುಕೊಂಡಿತು. ಹಳೆಯ ವಿಮಾನದ ಹಾರಾಟದಲ್ಲಿ ಪಣಕ್ಕೆ ಬೀಳುವುದು ಲೋಹ ಮಾತ್ರವಲ್ಲ ಎಂಬುದು ಇದರಿಂದ ಆಸಕ್ತರಿಗೆಲ್ಲ ಮನವರಿಕೆಯಾಯಿತಾದರೂ ಅಭಿಪ್ರಾಯಗಳು ಒಂದಾಗಿಲ್ಲ.

ಭಾರತದಲ್ಲಿ ನೋಡಬಹುದಾದ ಸಂಬಂಧಿತ ವಿಮಾನಗಳು

ಲಿಬರೇಟರ್ ನೋಡಬಯಸುವವರು ಪಾಲಂಗೆ ಹೋಗಬೇಕು. ಬೆಂಗಳೂರಿನ ಎಚ್‌ಎಎಲ್ ಪಾರಂಪರಿಕ ಕೇಂದ್ರದಲ್ಲಿ ಎಚ್‌ಟಿ-2 ಸೇರಿದಂತೆ ಕಾರ್ಖಾನೆಯ ನಂತರದ ವಿಮಾನಗಳಿವೆ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಅಲ್ಲಿಯೇ ರೂಪುಗೊಂಡು 1961ರಲ್ಲಿ ಹಾರಿದ ಮರುತ್ ಯುದ್ಧವಿಮಾನವನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿಯೂ ನೋಡಬಹುದು. 6ನೇ ಸ್ಕ್ವಾಡ್ರನ್‌ನಲ್ಲಿ ಲಿಬರೇಟರ್‌ಗಳ ಜೊತೆಗಿದ್ದ ಸೂಪರ್ ಕಾನ್‌ಸ್ಟೆಲೇಷನ್‌ಗಳು ನಂತರ ನೌಕಾಪಡೆಗೆ ವರ್ಗವಾದವು, ಅವುಗಳಲ್ಲೊಂದು ಗೋವಾದ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿದೆ. ಸಮುದ್ರ ಕಾವಲಿನ ಅದೇ ಕೆಲಸವನ್ನು 1988ರಿಂದ 2017ರವರೆಗೆ ನಿರ್ವಹಿಸಿದ ರಷ್ಯಾದ ಟಿಯು-142 ವಿಮಾನವೊಂದನ್ನು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಪಕ್ಕದಲ್ಲಿ ನಿಲ್ಲಿಸಲಾಗಿದೆ.